ಬಟ್ಟಲಿನ ಚಕ್ಕುಬಂದಿ

ತಾಕತ್ತಿದ್ದರೆ ಇದನ್ನು ನಂಬಬೇಡಿ. ಪಂಥ ಕಟ್ಟುತ್ತೇನೆ. ಅರ್ಧ ಓದುವಷ್ಟರಲ್ಲಿ ಈ ಮುದುಕ ಬರೀ ಗಾಳಿ ಹೊಡೆಯುತ್ತಾನೆ ಅನ್ನುತ್ತೀರಿ. ಮುಗಿಯುವಷ್ಟರಲ್ಲಿ, ಆ ಮಗನಿಗೆ ಹೀಗೇ ಆಗಬೇಕಿತ್ತು ಅನ್ನುತ್ತೀರಿ. ನಲವತ್ತು ವರ್ಷ ಬಸವನ ಬಾಗೇವಾಡಿಯ ತಹಶೀಲ್ದಾರ ಕಚೇರಿಯ ಎದುರು, ಬೇವಿನ ಮರದ ಕೆಳಗೆ ಬಾಂಡ್ ರೈಟರ್ ಆಗಿ ಕೂತವನು ನಾನು. ಹೆಸರು ಮಲಕಪ್ಪ. ಹೊಲ ಮಾರುವವರು, ಮನೆ ಒತ್ತಿ ಇಡುವವರು, ಪಾಲು ಮಾಡಿಕೊಳ್ಳುವ ಅಣ್ಣತಮ್ಮಂದಿರು, ಎಲ್ಲರ ಕಾಗದವನ್ನೂ ಬರೆದಿದ್ದೇನೆ. ನನ್ನ ಕಾಗದವನ್ನು ಒಡೆದು ಒಳಗೆ ಹೊಕ್ಕ ವಕೀಲ ಇನ್ನೂ ಹುಟ್ಟಿಲ್ಲ.

ಕಾಗದ ಬಿಟ್ಟರೆ ನನಗೆ ಗೊತ್ತಿದ್ದ ಇನ್ನೊಂದು ವಿದ್ಯೆ ಮಷ್ಕಿರಿ. ದಕ್ಷಿಣದ ಕಡೆಯಿಂದ ಹೊಸದಾಗಿ ಬಂದ ಸಾಹೇಬರೊಬ್ಬರಿಗೆ, ಇದು ಬಸವಣ್ಣನ ಊರು, ಸೋಮವಾರ ಇಲ್ಲಿ ಕಾಗೆ ಕೂಗುವುದಿಲ್ಲ ಎಂದು ಹೇಳಿದ್ದೆ. ಪಾಪ, ಒಂದು ಸೋಮವಾರ ಕಚೇರಿಯ ಮಾಳಿಗೆಯ ಮೇಲೆ ಕಿವಿಗೊಟ್ಟು ನಿಂತರು. ಮಧ್ಯಾಹ್ನ ಕೆಳಗಿಳಿದು ಬಂದು, "ಕೂಗ್ತಲ್ಲ ಮಲಕಪ್ಪ!" ಅಂದರು. "ಅದು ಮುದ್ದೇಬಿಹಾಳದ ಕಾಗಿ ಸಾಹೇಬ್ರ, ಅದಕ್ಕೇನ ಗೊತ್ತ," ಅಂದೆ. ತಲೆಯಾಡಿಸಿ ಹೋದರು. ಹೀಗೆ ಊರನ್ನೆಲ್ಲ ಮಂಗ ಮಾಡಿದ ನನ್ನನ್ನು ಒಬ್ಬನೇ ಒಬ್ಬ ಮಂಗ ಮಾಡಿದ್ದ. ಅವನ ಮೇಲೆ ನಾನು ಸೇಡು ತೀರಿಸಿಕೊಂಡ ವರ್ಷದ ಸಂಗತಿ ಇದು.

ನೆನಪು ಎದ್ದದ್ದು ಹೋದ ವಾರ. ಬೀಗರ ಮನೆಯ ಕಾರ್ಯಕ್ಕೆಂದು ಮುದ್ದೇಬಿಹಾಳಕ್ಕೆ ಹೋಗಿದ್ದೆ. ಬಸ್ಸಿಳಿದು ನಾಲತವಾಡದ ರಸ್ತೆ ಹಿಡಿದು ನಡೆಯುವಾಗ ಒಂದು ವಾಸನೆ ಮೂಗಿಗೆ ಬಡಿಯಿತು. ಕುದಿಸಿ ಕುದಿಸಿ ಕಪ್ಪಾದ ಚಹಾದ ಚರಟ, ಅದಕ್ಕೆ ಕಲಸಿದ ಸುಟ್ಟ ಎಂಜಿನ್ ಎಣ್ಣೆ. ದಾರಿಹೋಕರಿಗೆ ಅದು ಯಾವುದೋ ಗ್ಯಾರೇಜಿನ ವಾಸನೆ. ನನಗೆ ಅದು ನನ್ನ ಸ್ವಂತ ಮನೆಯ ಬಾಗಿಲಿನ ವಾಸನೆ. ಹೊಸ ಕಟ್ಟಿಗೆಯನ್ನು ಆ ಕಷಾಯದಲ್ಲಿ ನೆನೆಸಿ, ಹೊಗೆ ಕೊಟ್ಟು, ಬಿಸಿಲಿಗಿಟ್ಟರೆ ಎಂಟು ದಿನಕ್ಕೆ ನೂರು ವರ್ಷದ ಮುಪ್ಪು ಬರುತ್ತದೆ. ಆ ವಿದ್ಯೆಯ ಗುರು ರಾಚಪ್ಪ ಸಾವಕಾರ. ಆ ರಸ್ತೆಯಲ್ಲೇ ಅವನ ಗೋಡೌನು.

ರಾಚಪ್ಪ ಹಳೆಯ ಕಟ್ಟಿಗೆ ಸಾಮಾನಿನ ವ್ಯಾಪಾರಿ. ಬಾಗಿಲು, ಕಂಬ, ತೊಟ್ಟಿಲು, ಶಾವಿಗೆ ಮಣೆ, ಏನು ಕಂಡರೂ ಅವನ ಕಣ್ಣು ಅಲ್ಲೇ ನೆಡುತ್ತಿತ್ತು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಾಯಲ್ಲಿ ಸದಾ ಏಲಕ್ಕಿ, ಮಾತಿಗೊಮ್ಮೆ "ಕಾಕಾ" ಅನ್ನುವ ನಾಲಿಗೆ. ನನ್ನ ಮುತ್ತಜ್ಜ ಮಾಡಿಸಿದ ಮುಂಬಾಗಿಲನ್ನು, ದೊಡ್ಡ ಶಹರದಲ್ಲಿ ಪ್ರದರ್ಶನವಿದೆ, ಹದಿನೈದೇ ದಿನ ಎಂದು ಹೇಳಿ ಒಯ್ದ. ಹದಿನಾಲ್ಕನೆಯ ದಿನಕ್ಕೇ ತಂದ. ತಾನೇ ನಿಂತು ಚೌಕಟ್ಟಿಗೆ ಕೂಡಿಸಿ, ನಮ್ಮ ಮನೆಯಲ್ಲಿ ಎರಡು ಸಲ ಚಹಾ ಕುಡಿದು ಹೋದ. ಮೂರು ವರ್ಷ ನಾನು ಬಂದಬಂದವರಿಗೆಲ್ಲ ಆ ಬಾಗಿಲನ್ನು ತಟ್ಟಿ ತಟ್ಟಿ ತೋರಿಸಿದೆ. ಒಂದು ಶ್ರಾವಣದಲ್ಲಿ ಇರಚಲು ಮಳೆ ಬಡಿಯಿತು. ಹೊಸ್ತಿಲು ತೊಳೆಯುತ್ತಿದ್ದ ನನ್ನ ಹೆಂಡತಿ ಗಂಗವ್ವ ಕೂಗಿದಳು:

"ಏನ್ರೀ, ಇಲ್ಲಿ ಬರ್ರಿ ಸ್ವಲ್ಪ. ನಿಮ್ಮ ಮುತ್ಯಾನ ಬಾಗ್ಲಾ ಚಾ ಸೋರಾಕತ್ತೈತಿ."

ಹೋಗಿ ನೋಡಿದೆ. ಬಾಗಿಲಿನ ಮೈಮೇಲಿಂದ ಕಂದು ನೀರು ಇಳಿಯುತ್ತಿತ್ತು. ಬೆರಳದ್ದಿ ನಾಲಿಗೆಗೆ ಹಚ್ಚಿದೆ. ಹೌದು, ಚಹಾ. ಸಕ್ಕರೆ ಇರಲಿಲ್ಲ, ಅಷ್ಟೇ. ಒಳಗೆ ನಿನ್ನೆ ಮೊನ್ನೆಯ ಹೊಸ ಸಾಗುವಾನಿ ಇಣುಕುತ್ತಿತ್ತು. ಗಂಗವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು ನೋಡಿ, ಅವತ್ತಿನ ನಗೆ ಇವತ್ತಿಗೂ ನನ್ನ ಬೆನ್ನಿನಲ್ಲಿದೆ.

ಹೋಗಿ ಜಗಳ ಮಾಡಬಹುದಿತ್ತು. ಆದರೆ ಮಂಗನಾದೆನೆಂದು ನಾನೇ ಡಂಗುರ ಹೊಡೆಯಲು ನಾನೇನು ಮಂಗನೇ? ಒಬ್ಬರಿಗೂ ಹೇಳಲಿಲ್ಲ. ಸಂತೆಯಲ್ಲಿ ರಾಚಪ್ಪ ಸಿಕ್ಕರೆ ಮೊದಲಿಗಿಂತ ಹೆಚ್ಚು ಪ್ರೀತಿಯಿಂದ ಮಾತಾಡಿಸಿದೆ. ಸೇಡು ಎಂಬುದು ನಮ್ಮ ಹಿಂಗಾರಿ ಜೋಳ ಇದ್ದ ಹಾಗೆ. ಮೇಲಿನ ಮಳೆಗೆ ಬಾಯಿ ಬಿಡುವುದಿಲ್ಲ, ಕರಿ ನೆಲದೊಳಗೆ ಇಂಗಿದ ತೇವವನ್ನೇ ಕುಡಿದು ಬೆಳೆಯುತ್ತದೆ.

ಬೆಳೆ ತೆನೆ ಕಟ್ಟಿದ್ದು ಮರುವರ್ಷ. ಹಿಂಗಾರಿ ಬಿತ್ತನೆ ಮುಗಿದು ಎಂಟು ದಿನವಾಗಿರಬೇಕು. ಒಂದು ಬೆಳಿಗ್ಗೆ ರಾಚಪ್ಪನ ಜೀಪು ಬೇವಿನ ಮರದ ಕೆಳಗೆ ಬಂದು ನಿಂತಿತು. ಜೊತೆಗೆ ಸಿಂದಗಿ ಕಡೆಯ ಹಳ್ಳಿಯ ನೀಲವ್ವ. ಆಕೆಯ ಮನೆತನದ ಕಾಗದವೆಲ್ಲ ನನ್ನ ಕೈಯವೇ. ತೊಡೆಯ ಮೇಲೆ ಬಟ್ಟೆ ಸುತ್ತಿದ ಒಂದು ಗಂಟು. ಬಿಚ್ಚಿದಳು. ಕೂರಿಗೆಯ ಬಟ್ಟಲು.

ಬಿತ್ತನೆ ನೋಡದವರಿಗೆ ಹೇಳುತ್ತೇನೆ. ಎತ್ತು ಎಳೆಯುವ ಕೂರಿಗೆಯ ನೆತ್ತಿಯ ಮೇಲೆ ಈ ಕಟ್ಟಿಗೆಯ ಬಟ್ಟಲು ಕೂತಿರುತ್ತದೆ. ಹಿಂದೆ ನಡೆಯುವ ಹೆಂಗಸು ಮುಷ್ಟಿಯಿಂದ ಕಾಳು ಬಿಡುತ್ತಾಳೆ. ಬಟ್ಟಲಿನ ತೂತುಗಳಿಂದ ಬಿದಿರ ಕೊಳವೆಗಳಲ್ಲಿ ಇಳಿದು ಕಾಳು ಸಾಲಿಗೆ ಬೀಳುತ್ತದೆ. ಕೈ ಹೆಚ್ಚು ಬಿಟ್ಟರೆ ಪೈರು ಕಿಕ್ಕಿರಿಯುತ್ತದೆ, ಕಡಿಮೆಯಾದರೆ ಹೊಲ ಬೋಳು. ಆ ಊರಲ್ಲಿ ನೀಲವ್ವನ ಕೈ ಅಂದರೆ ಕೈ. ಟ್ರ್ಯಾಕ್ಟರ್ ಇದ್ದವರೂ ಮೊದಲ ಸಾಲನ್ನು ಆಕೆಯ ಬಟ್ಟಲಿನಿಂದಲೇ ಬಿತ್ತಿಸಿ, ಆಮೇಲೆ ತಮ್ಮ ಯಂತ್ರ ಇಳಿಸುತ್ತಿದ್ದರು. ಜಾಲಿಯ ಬೊಡ್ಡೆಯಿಂದ ಆಕೆಯ ಮಾವ ಮಾಡಿಸಿದ್ದು, ಅಂಚಿನ ಮೇಲೆ ಜೋಡಿ ಎತ್ತುಗಳ ಕೆತ್ತನೆ. ನೋಡಿದ ಕೂಡಲೇ ರಾಚಪ್ಪನ ಬಾಯಲ್ಲಿ ನೀರು ಯಾಕೆ ಬಂತೆಂದು ತಿಳಿಯಿತು.

"ಕಾಕಾ, ಈ ಮುದುಕಿ ಹಟ ಹಿಡದಾಳ ನೋಡು," ಅಂದ ರಾಚಪ್ಪ. "ಜರ್ಮನಿಯೊಳಗ ದೊಡ್ಡ ಪ್ರದರ್ಶನ ಐತಿ. ಜಗತ್ತಿನ ಎಲ್ಲಾ ಒಕ್ಕಲುತನದ ಹಳೇ ಸಾಮಾನು. ನನ್ನವು ಹದಿಮೂರು ಹೊಂಟಾವ, ಇದು ಹದಿನಾಕನೇದ್ದು. ಮಲಕಪ್ಪನ ಕೈಯಾಗ ಕಾಗದ ಆದ್ರ ಕೊಡ್ತೇನಿ, ಇಲ್ಲಂದ್ರ ಇಲ್ಲ ಅಂತಾಳ."

"ಹಟ ಅಲ್ಲೋ ಸಾವ್ಕಾರ," ಅಂದಳು ನೀಲವ್ವ. "ಇಂವ ಮಷ್ಕಿರಿ ಮಾಡ್ತಾನ ಖರೆ. ಕಾಗದದಾಗ ಮಾಡಂಗಿಲ್ಲ."

"ಯಾಕ ಒಯ್ಯಾಕ ಕೊಡ್ತಿಬೇ?" ಎಂದು ಕೇಳಿದೆ.

"ಬಟ್ಲದ ಬಾಜೂಕ ನನ್ನ ಫೋಟೋ ಹಾಕಿ, ದೊಡ್ಡ ಅಕ್ಷರದಾಗ ಹೆಸರು ಬರೀತೇನಿ ಅಂದಾನ. ಯಾಕ, ನನ್ನ ಹೆಸರು ವಿಮಾನ ಹತ್ತಬಾರದೇನು?"

ರಾಚಪ್ಪ ಕೈಚೀಲದಿಂದ ಒಂದು ಹಸಿರು ರಟ್ಟಿನ ಪುಸ್ತಕ ತೆಗೆದ. ಹಿಂದಿನ ಯಾವುದೋ ಪ್ರದರ್ಶನದ್ದು. "ಸ್ಟ್ಯಾಂಪ್ ಪೇಪರ್ ಎದಕ್ಕ ಬೇಕ ಕಾಕಾ? ಇದನ್ನ ಕಾರ್ನೆಟ್ ಅಂತಾರ. ಮನಷ್ಯಾಗ ಪಾಸ್‌ಪೋರ್ಟ್ ಹೆಂಗೋ, ಸಾಮಾನಿಗೆ ಇದು ಹಂಗ. ತೋರ್ಸಾಕ ಒಯ್ಯೂದು, ತಿರುಗಿ ತರೂದು. ನಡುವ ಯಾವ ದೇಶದಾಗೂ ಸುಂಕ ಇಲ್ಲ. ಆದ್ರ ಹೋದ ಸಾಮಾನು ವರ್ಸದೊಳಗ ಬರಾಕ ಬೇಕು. ಬರಲಿಲ್ಲಂದ್ರ ನಾ ಬ್ಯಾಂಕಿನಾಗ ಇಟ್ಟ ಜಾಮೀನಿಗೆ ಕೈ ಹಾಕ್ತಾರ."

ಪುಸ್ತಕ ತೆಗೆದುಕೊಂಡು ಓದಿದೆ. ಓದುವುದೇ ನನ್ನ ಕಸುಬಲ್ಲವೇ. ಹಳದಿ ಹಾಳೆ ನಮ್ಮ ದೇಶ ಬಿಡುವಾಗ ಒಂದು, ಮರಳಿ ಬರುವಾಗ ಒಂದು. ಬಿಳಿ ಹಾಳೆ ಅವರ ದೇಶದೊಳಗೆ ಹೊಗುವಾಗ ಒಂದು, ಹೊರಡುವಾಗ ಒಂದು. ಪ್ರತಿ ಬಾಗಿಲಲ್ಲೂ ಅಧಿಕಾರಿ ಸಾಮಾನನ್ನೂ ಪಟ್ಟಿಯನ್ನೂ ತಾಳೆ ನೋಡಿ ಸಿಕ್ಕಾ ಒತ್ತಿ ಹಾಳೆ ಹರಿದುಕೊಳ್ಳುತ್ತಾನೆ. ಪಟ್ಟಿಗೆ ಒಂದು ಸಲ ಮೊಹರು ಬಿದ್ದರೆ ಆಮೇಲೆ ಒಂದು ಸಾಲೂ ಸೇರಿಸುವಂತಿಲ್ಲ. ಭೇಷ್ ಅಂದುಕೊಂಡೆ, ನನ್ನಂಥವನೇ ಯಾರೋ ಕಟ್ಟಿದ ಕಾಗದ. ಆಮೇಲೆ ಅವನ ಹಳೆಯ ಪಟ್ಟಿಗೆ ಬಂದೆ. 'ಹಳೆಯ ಕಟ್ಟಿಗೆ ಬಟ್ಟಲು, ಒಂದು.' 'ಹಳೆಯ ಕಟ್ಟಿಗೆ ತೊಟ್ಟಿಲು, ಒಂದು.' ಅಷ್ಟೇ.

ಒಂದು ಬಟ್ಟಲು ಹೋಗುತ್ತದೆ, ಒಂದು ಬಟ್ಟಲು ಬರುತ್ತದೆ. ಯಾವ ಬಟ್ಟಲು? ಕೇಳುವವರಾರು? ಮಾರಾಟಕ್ಕೆಂದು ಬೇರೆ ಪೆಟ್ಟಿಗೆಯಲ್ಲಿ ಹೋದ ಚಹಾ ಕುಡಿದ ಅವಳಿ ಬಟ್ಟಲು ಈ ಪೆಟ್ಟಿಗೆಗೆ ಬಂದು ಕೂರುತ್ತದೆ. ಖರೆ ಬಟ್ಟಲು ಅಲ್ಲೇ ಯಾರದೋ ದಿವಾನಖಾನೆಯಲ್ಲಿ ಉಳಿಯುತ್ತದೆ. ನನ್ನ ಬಾಗಿಲಿಗೆ ಮಾಡಿದ್ದನ್ನೇ ಇವನು ಹಸಿರು ರಟ್ಟು ಹಾಕಿ ಮಾಡುತ್ತಿದ್ದ.

ಕೊಡಬೇಡವ್ವ ಎಂದು ಒಂದು ಮಾತು ಹೇಳಿದ್ದರೆ ನೀಲವ್ವ ಗಂಟು ಕಟ್ಟಿಕೊಂಡು ಸಿಂದಗಿ ಬಸ್ಸು ಹತ್ತುತ್ತಿದ್ದಳು. ನಾನು ಹೇಳಲಿಲ್ಲ. ಬೈಯುವವರು ಇಲ್ಲಿ ಬೈದುಕೊಳ್ಳಿ. ಗಂಗವ್ವನಂತೂ ಊಟಕ್ಕೆ ನೀಡುತ್ತಲೇ ಬೈದಳು.

"ಆಕಿ ಬಟ್ಲ ಒಯ್ದು ನಿಮ್ಮ ಗಾಳಕ್ಕ ಚುಚ್ಚತೀರಲ್ರಿ. ಮೀನ ನುಂಗಿ ಹೋದ್ರ?"

"ನುಂಗಾಕ ಬಿಡತೇನೇನ? ಗಾಳ ಬರದವ ನಾನು."

"ಬಾಗ್ಲಾ ಕಾಯಾಕ ಆಗಲಿಲ್ಲ. ಬಟ್ಲ ಕಾಯ್ತಾರಂತ."

ಉಣ್ಣದೆ ಎದ್ದೆ. ಹೆಂಡಂದಿರು ಖರೆ ಹೇಳುವ ಹೊತ್ತಿಗೆ ಸರಿಯಾಗಿ ರೊಟ್ಟಿ ಗಟ್ಟಿಯಾಗುತ್ತದೆ.

ಮರುದಿನದಿಂದ ಕೆಲಸ ಹಿಡಿದೆ. ಹೊಲದ ಕಾಗದ ಬರೆಯುವವರಿಗೆ ಚಕ್ಕುಬಂದಿ ಅಂದರೆ ಪ್ರಾಣ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ, ದಕ್ಷಿಣಕ್ಕೆ ಎಂದು ನಾಲ್ಕೂ ದಿಕ್ಕು ಕಟ್ಟಿದ ಹೊಲವನ್ನು ಯಾರೂ ಬದಲಿಸಲಾರರು. ಆ ಬಟ್ಟಲನ್ನು ನನ್ನ ಮೇಜಿನ ಮೇಲಿಟ್ಟು, ಜೋಡಿ ಎತ್ತುಗಳ ಮುಖವನ್ನು ಪೂರ್ವ ಎಂದು ಹಿಡಿದು, ಅದಕ್ಕೂ ಚಕ್ಕುಬಂದಿ ಕಟ್ಟಿದೆ. ಇಂಗ್ಲಿಷಿನಲ್ಲಿ ಟೈಪು ಮಾಡಿದ್ದರ ಕನ್ನಡ ಹೀಗೆ: ಪೂರ್ವಕ್ಕೆ ಬಲಗಡೆಯ ಎತ್ತಿನ ಮುರಿದ ಎಡಗೊಂಬು. ಪಶ್ಚಿಮಕ್ಕೆ ಮೂರು ತಾಮ್ರದ ಮೊಳೆ, ನಡುವಿನದಕ್ಕೆ ತಲೆ ಇಲ್ಲ. ಉತ್ತರಕ್ಕೆ ಗೆದ್ದಲು ತಿಂದ ಕುಳಿ, ಎರಡು ಜೋಳದ ಕಾಳು ಹಿಡಿಯುವಷ್ಟು. ದಕ್ಷಿಣಕ್ಕೆ, ನೀಲವ್ವ ಎಂಬ ರೈತ ಮಹಿಳೆಯ ಎಡಗೈ ಹೆಬ್ಬೆರಳು ಊರಿ ಊರಿ ಸವೆಸಿದ ಗುಣಿ. ಆಕೆ ಎಡಚಿ. ಸಿಂದಗಿಯ ಪತ್ತಾರನ ಅಂಗಡಿಗೆ ಒಯ್ದು ಚಿನ್ನದ ತಕ್ಕಡಿಯಲ್ಲಿ ತೂಗಿಸಿ ಗ್ರಾಮಿನ ಲೆಕ್ಕದಲ್ಲಿ ತೂಕ ಹಾಕಿದೆ. ನಾಲ್ಕು ದಿಕ್ಕಿನ ನಾಲ್ಕು ಫೋಟೋ ಅಂಟಿಸಿದೆ. ಉಳಿದ ಹದಿಮೂರು ಸಾಮಾನಿಗೂ ಹೀಗೆಯೇ ಬರೆದೆ, ಇಲ್ಲವಾದರೆ ಸಂಶಯ ಬಂದೀತಲ್ಲ.

ಮುಂಬೈಯಲ್ಲಿ ಕಾರ್ನೆಟ್ ಮಾಡಿಸಿಕೊಡುವ ಏಜೆಂಟ್ ಫೋನು ಮಾಡಿದ. ನಮ್ಮ ಕಡೆಯವನೇ. "ಏನ್ರೀ ಇದು, ಬಟ್ಲೋ ಹೊಲೋ?"

"ಬೆಳಿ ಬರತೈತ್ರಿ ಎರಡರಾಗೂ. ಹಂಗ ಕಳಸ್ರಿ," ಅಂದೆ.

ರಾಚಪ್ಪನಿಗೆ ಇಂಗ್ಲಿಷ್ ಎಂದರೆ ಹಾಳೆಯ ಮೇಲೆ ಇರುವೆ ಸಾಲು. ಹಾಳೆ ತಿರುವಿ, "ಉದ್ದ ಆಗಲಿಲ್ಲೇನ ಕಾಕಾ?" ಅಂದ.

"ಉದ್ದ ಇದ್ದಷ್ಟೂ ಸಾಹೇಬ್ರು ನಂಬತಾರೋ ತಮ್ಮಾ. ನೀ ಸಹಿ ಹಾಕು."

ಆ ಪಟ್ಟಿಯ ನಕಲನ್ನು ಕನ್ನಡದ ಒಂದು ಬಾಂಡಿಗೂ ಹೊಲಿದೆ. ಇದೇ ಚಕ್ಕುಬಂದಿಯ ಬಟ್ಟಲನ್ನು ತೋರಿಸಲು ಮಾತ್ರ ಕಡ ಪಡೆದಿದ್ದೇನೆ, ಮಾರುವ ಹಕ್ಕು ನನಗಿಲ್ಲ, ಮಾರಿದರೆ ಕಳವೆಂದು ಒಪ್ಪುತ್ತೇನೆ ಎಂದು ಬರೆದು, ಅದನ್ನು ಮಾತ್ರ ಗಟ್ಟಿಯಾಗಿ ಓದಿ ಹೇಳಿದೆ. ಅವನು ನಕ್ಕು ಪ್ರತಿ ಹಾಳೆಗೂ ಸಹಿ ಹಾಕಿದ. ಒಂದು ಬಟ್ಟಲು ಹೋಗಿ ಒಂದು ಬಟ್ಟಲು ಬಂದರೆ ಯಾರು ಏನು ಕೇಳುತ್ತಾರೆ ಎಂಬ ಧೈರ್ಯ.

ಪೆಟ್ಟಿಗೆ ಹೋಯಿತು. ಜೋಳ ಮೊಣಕಾಲಿಗೆ ಬಂತು, ಎದೆಗೆ ಬಂತು, ಹಾಲುಗಾಳು ಹಿಡಿಯಿತು. ಬುಧವಾರ ಬಂದರೆ ನೀಲವ್ವ ಸಿಂದಗಿಯಿಂದ ಬಸ್ಸಿನಲ್ಲಿ ಬಂದು ಬೇವಿನ ಮರದ ಕೆಳಗೆ ಕೂರುತ್ತಿದ್ದಳು. "ಎಲ್ಲಿ ಮಟಾ ಬಂತೋ?" ಎಂದು ಒಂದೇ ಪ್ರಶ್ನೆ. "ಹೋಗಿ ಮುಟ್ಟೈತಿ." "ಈಗ ತೋರ್ಸಾಕತ್ತಾರ." ಏನಾದರೂ ಹೇಳಿ ಕಳಿಸುತ್ತಿದ್ದೆ. ಜಂಬ ಇರಲಿ, ಒಂದು ಮಾತು ಹೇಳುತ್ತೇನೆ: ಬುಧವಾರ ಸಿಂದಗಿ ಬಸ್ಸು ಬಂತೆಂದರೆ ಬರೆಯುತ್ತಿದ್ದ ಸಾಲಿನಲ್ಲಿ ನನಗೆ ತಪ್ಪು ಬೀಳುತ್ತಿತ್ತು.

ಸುಗ್ಗಿ ಮುಗಿಯುವ ಹೊತ್ತು. ಗಂಗವ್ವನ ತವರು ಇಂಡಿ. ಆಕೆಯ ತಮ್ಮನ ನಿಂಬೆ ತೋಟದಲ್ಲಿ ಕಾಯಿ ಆರಿಸಿ ಚೀಲ ತುಂಬುತ್ತಿದ್ದರು. ನಾನು ದೊಡ್ಡ ಯಜಮಾನನಂತೆ ಗಿಡದ ನೆರಳಲ್ಲಿ ಶರಬತ್ತು ಕುಡಿಯುತ್ತಿದ್ದೆ. ನಾಲ್ಕು ಗಂಟೆಗೆ ಮೊಬೈಲಿನಲ್ಲಿ ವಿಡಿಯೋ ಕಾಲ್ ಬಂತು. ರಾಚಪ್ಪ. ಕೋಟು ಹಾಕಿದ್ದ, ಹಣೆಯಲ್ಲಿ ಬೆವರು. ಹಿಂದೆ ದೊಡ್ಡ ಕೋಣೆ, ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚಿಟ್ಟಿತ್ತು. ಸುಂಕದ ಅಧಿಕಾರಿ ಹೆಂಗಸೊಬ್ಬಳು ಕೈಗವಸು ಹಾಕಿಕೊಂಡು ಒಂದು ಬಟ್ಟಲನ್ನು ತಿರುವಿ ತಿರುವಿ ನೋಡುತ್ತಿದ್ದಳು. ಹೆಬ್ಬೆರಳಿನಿಂದ ಅದರ ಅಂಚನ್ನು ಸುತ್ತ ಸವರಿ ಏನನ್ನೋ ಹುಡುಕುತ್ತಿದ್ದಳು. ಸಿಗುತ್ತಿರಲಿಲ್ಲ.

"ಕಾಕಾ, ಏನ್ ಬರದೀ ಮಾರಾಯ ಇದರಾಗ? ಈ ಹೆಣ್ಮಗಳು ಒಂದ ತಾಸಾತು, ಸಿಕ್ಕಾ ಹೊಡೀವಲ್ಲಳು. ಎತ್ತಿನ ಕೊಂಬು ಮುರದಿಲ್ಲ ಅಂತಾಳ, ಮೊಳಿ ಎಣಸ್ತಾಳ, ಬೆರಳಿನ ಗುಣಿ ಎಲ್ಲಿ ಅಂತಾಳ!"

"ಚಕ್ಕುಬಂದಿ ಬರದೇನಪಾ. ಬಾಂಡ್ ರೈಟರ್ ಕಡೆ ಬರಸಿದ್ರ ಚಕ್ಕುಬಂದಿ ಬರೀದ ಲಾವಣಿ ಬರೀತಾರೇನು?"

"ತೂಕಾನೂ ಹೊಂದವಲ್ದು ಅಂತಾಳ."

"ಜಾಲಿ ಹೋಗಿ ಸಾಗವಾನಿ ಬಂದ್ರ ಹೆಂಗ ಹೊಂದತೈತಿ ಹೇಳು?"

ಈಗ ಹೇಳುವ ಮಾತನ್ನು ನಾನು ಎಷ್ಟು ದಿನದಿಂದ ಬಾಯಲ್ಲಿಟ್ಟುಕೊಂಡಿದ್ದೆನೋ ನಿಮಗೆ ಗೊತ್ತಿಲ್ಲ. ಶರಬತ್ತಿನ ಗ್ಲಾಸು ಕೆಳಗಿಟ್ಟು, ನಿಧಾನವಾಗಿ ಹೇಳಿದೆ.

"ತಮ್ಮಾ, ಆ ಹೆಣ್ಮಗಳಿಗೆ ಹೇಳು. ಬಟ್ಲದ ಮ್ಯಾಲ ನಾಕ ಹನಿ ನೀರ ಹಾಕಿ ತಿಕ್ಕಿ ನೋಡು, ಚಾ ಬರತೈತಿ ಅಂತ. ನಮ್ಮ ಮನಿ ಬಾಗ್ಲಾನೂ ಹಂಗ, ಮಳಿ ಬಂದ್ರ ಸಾಕು."

ಆ ಮುಖ! ಬಾಯಲ್ಲಿದ್ದ ಏಲಕ್ಕಿ ಅಲ್ಲೇ ನಿಂತಿತು. ಕಾಕಾನಿಗೆ ಗೊತ್ತಿತ್ತು, ಇಷ್ಟು ದಿನ ಗೊತ್ತಿದ್ದೂ ನಗುತ್ತಿದ್ದ ಎಂಬುದು ಅವನ ಕಣ್ಣಿಗೆ ಇಳಿದದ್ದನ್ನು ನಾನು ಸಾವಿರಾರು ಮೈಲಿ ಈಚೆಯಿಂದ, ಒಂದು ನಿಂಬೆ ಗಿಡದ ಬುಡದಲ್ಲಿ ಕೂತು ನೋಡಿದೆ. ಗಂಗವ್ವ ನನ್ನ ಭುಜದ ಮೇಲಿಂದ ಇಣುಕಿ, "ಚಾ ಕುಡಿದ್ರೇನ್ರಿ ಸಾವ್ಕಾರ?" ಅಂದಳು. ಫೋನು ಕಟ್ಟಾಯಿತು.

ಆದದ್ದಿಷ್ಟು. ಖರೆ ಬಟ್ಟಲನ್ನು ಅಲ್ಲಿಯ ಒಬ್ಬ ಮುದುಕಿಗೆ ಮಾರಿ ಮುಗಿಸಿದ್ದ. ಬದಲಿ ತೋರಿಸಿ ಸಿಕ್ಕುಬಿದ್ದದ್ದರಿಂದ ಹದಿನಾಲ್ಕೂ ಸಾಮಾನಿನ ಪೆಟ್ಟಿಗೆಯನ್ನು ಆ ಅಧಿಕಾರಿ ತಡೆದಿಟ್ಟಳು. ಮಾರಿದ್ದೇನೆ ಎಂದು ಒಪ್ಪಿ ಸುಂಕ ಕಟ್ಟಿ ಬಿಡಿಸಿಕೊಳ್ಳುವ ದಾರಿ ಇತ್ತು. ಆದರೆ ಆ ಸುಂಕದ ರಸೀದಿ ನನ್ನ ಬಾಂಡಿನ ಪಕ್ಕದಲ್ಲಿ ಕೂತರೆ, ಕಳವು ಮಾಡಿದ್ದೇನೆಂದು ತಾನೇ ಬರೆದುಕೊಟ್ಟಂತೆ. ಸುಮ್ಮನಿದ್ದರೆ ವರ್ಷ ತುಂಬುತ್ತದೆ. ಈ ಹಸಿರು ಪುಸ್ತಕ ಮುಚ್ಚುವವರೆಗೆ ಇನ್ನೊಂದು ಹಸಿರು ಪುಸ್ತಕ ಕೊಡುವುದಿಲ್ಲ ಎಂದು ಮುಂಬೈಯಲ್ಲಿ ಹೇಳಿಬಿಟ್ಟರು. ಅವನ ಪರದೇಶದ ವ್ಯಾಪಾರಕ್ಕೆ ಬೀಗ ಬಿತ್ತು. ಕೀಲಿ ಒಂದೇ: ಆ ಬಟ್ಟಲು.

ಇಲ್ಲ, ಇನ್ನೊಂದು ಕೀಲಿಯೂ ಇತ್ತು. ಅದು ನನ್ನ ಜೇಬಿನಲ್ಲಿತ್ತು. ಅದನ್ನು ಕೇಳಲು ರಾಚಪ್ಪ ಒಂದು ಬುಧವಾರ ಬೇವಿನ ಮರದ ಕೆಳಗೆ ಬಂದ. ಅಂಗಿಯ ಇಸ್ತ್ರಿ ಮುರಿದಿತ್ತು.

"ಕಾಕಾ, ನಿನ್ನ ಬಾಗ್ಲಾ ಎಲ್ಲೈತಿ ನನಗ ಗೊತ್ತೈತಿ. ಖರೇದ್ದು. ಬ್ಯಾರೆ ಹಾಳಿ ಮ್ಯಾಲ ಒಂದ ಸಾಲು ಬರಿ ಸಾಕು. ಪಟ್ಟಿ ಬರಿಯೂ ಹೊತ್ತಿನ್ಯಾಗ ನಂದ ತಪ್ಪಾಗೈತಿ, ಅಲ್ಲಿರೂ ಬಟ್ಲನ ಬರೋಬ್ಬರಿ ಐತಿ ಅಂತ. ಹದಿನೈದ ದಿನದಾಗ ನಿನ್ನ ಬಾಗ್ಲಾ ನಿನ್ನ ಚೌಕಟ್ಟಿನ್ಯಾಗ ಕುಂದರಸ್ತೇನಿ. ನನ್ನ ಕೈಲೆ."

ಸುಳ್ಳಲ್ಲ, ಪೆನ್ನಿನ ಮುಚ್ಚಳ ತೆಗೆದೆ. ನಾಲ್ಕು ತಲೆಮಾರು ಕೈ ಊರಿ ದಾಟಿದ ಬಾಗಿಲು ಅದು. ನನ್ನ ಅಪ್ಪನ ಎತ್ತರವನ್ನು ಗುರುತು ಹಾಕಿದ ಗೆರೆಗಳು ಅದರ ಒಳಮೈಯಲ್ಲಿದ್ದವು. ಹಾಳೆ ಎಳೆದುಕೊಳ್ಳುತ್ತಿದ್ದಾಗಲೇ ಸಿಂದಗಿ ಬಸ್ಸು ಬಂತು. ಬುಧವಾರವಲ್ಲವೇ. ನೀಲವ್ವ ಇಳಿದು ಬಂದು ನಮ್ಮಿಬ್ಬರ ನಡುವೆ ಚಪ್ಪಡಿಯ ಮೇಲೆ ಕೂತಳು. ರಾಚಪ್ಪನನ್ನು ನೋಡಿ ಮುಖ ಅರಳಿತು.

"ಬಂದ್ಯೇನೋ ಸಾವ್ಕಾರ? ಬಟ್ಲ?"

"ಬರತೈತಬೇ. ಹಿಂದಿನ ಹಡಗದಾಗ ಐತಿ."

"ನನ್ನ ಹೆಸರು ದೊಡ್ಡ ಅಕ್ಷರದಾಗ ಹಾಕಿದ್ದೇನು?"

"ಹಾಕಿದ್ನಿ."

"ನೋಡಿದ ಮಂದಿ ಏನಂದ್ರು?"

ರಾಚಪ್ಪ ನನ್ನ ಕಡೆ ನೋಡಿದ. ಆಕೆ ಅವನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಭಾಳ ಚಂದ ಅಂದ್ರಂತಬೇ," ಅಂದೆ. "ಅದಕ್ಕ ಸಾವ್ಕಾರ ತಾನ ಮತ್ತೊಮ್ಮೆ ಹೋಗಿ ಕೈಯಾಗ ಹಿಡ್ಕೊಂಡು ಬರ್ತಾನಂತ. ಬಿತ್ತಗಿಯೊಳಗ. ಹೌದಲ್ಲೋ ರಾಚಪ್ಪ?"

"ಹೌದ್ರಿ," ಅಂದ. ಮೊದಲ ಸಲ ನನಗೆ ರಿ ಹಚ್ಚಿದ.

ಇದನ್ನು ಓದಿ ನಾನು ಒಳ್ಳೆಯವನೆಂದು ತಿಳಿದೀರಿ. ಅಲ್ಲ. ಬಾಗಿಲು ಬಂದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು, ರಾಚಪ್ಪನಿಗೆ ನಿದ್ದೆ ಬರುತ್ತಿತ್ತು. ಅವನಿಗೆ ನಿದ್ದೆ ಬರುವುದು ನನಗೆ ಬೇಕಿರಲಿಲ್ಲ. ಆ ಬಾಗಿಲು ಎಲ್ಲಿದೆಯೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ನಮ್ಮ ಮನೆಗೆ ಈಗಲೂ ಚಹಾದ ಬಾಗಿಲೇ. ಮಳೆಗಾಲದಲ್ಲಿ ಗಂಗವ್ವ ಅದಕ್ಕೆ ಪ್ಲಾಸ್ಟಿಕ್ಕು ಹೊದಿಸುತ್ತಾಳೆ.

ಕಾರಹುಣ್ಣಿಮೆ ಹೋಯಿತು, ಪಂಚಮಿ ಹೋಯಿತು. ರಾಚಪ್ಪ ಹೋದವನು ಸುದ್ದಿ ಇಲ್ಲ. ಸೇಡಿನ ಸುಖ ಎಳ್ಳಷ್ಟು, ಭಯ ಗೋಣಿಚೀಲದಷ್ಟು. ಬಟ್ಟಲು ಕೊಂಡ ಮುದುಕಿ ಅದರಲ್ಲಿ ಮಣ್ಣು ತುಂಬಿ ಕಳ್ಳಿಗಿಡ ನೆಟ್ಟಿದ್ದಾಳೆ ಎಂದು ಮುಂಬೈಯ ಏಜೆಂಟ್ ಹೇಳಿದ ದಿನ ನನಗೆ ಅನ್ನ ಇಳಿಯಲಿಲ್ಲ. ನೀರು ಕುಡಿದು ಕುಡಿದು ಜಾಲಿ ಸೀಳಿದರೆ? ಆಕೆ ಎಷ್ಟು ಕೊಟ್ಟರೂ ವಾಪಸು ಕೊಡೆನೆಂದು ಹಟ ಹಿಡಿದಿದ್ದಳಂತೆ. ಕಡೆಗೆ ರಾಚಪ್ಪ ನನ್ನ ಪಟ್ಟಿಯನ್ನೇ ಆಕೆಯ ಮುಂದಿಟ್ಟ. ಆಕೆ ನಾಲ್ಕೂ ದಿಕ್ಕು ಓದಿ, ಗಿಡ ಕಿತ್ತು, ಮಣ್ಣು ಸುರಿದು, ಆ ಗುಣಿಯಲ್ಲಿ ತನ್ನ ಹೆಬ್ಬೆರಳು ಇಟ್ಟಳಂತೆ. ಇದು ಇನ್ನೊಬ್ಬಳ ಕೈ, ನಿನಗೆ ಮಾರುವ ಹಕ್ಕೆಲ್ಲಿತ್ತು ಎಂದು ಕೇಳಿ, ಬಟ್ಟಲನ್ನು ಅವನ ಮಡಿಲಿಗೆ ಹಾಕಿ ಬಾಗಿಲು ಹಾಕಿಕೊಂಡಳಂತೆ. ಬಾಗಿಲು ಮುಖಕ್ಕೆ ಬಡಿಯಿತೆಂದು ಕೇಳಿ ನನಗೆ ಬಹಳ ಸಮಾಧಾನವಾಯಿತು.

ಬಿಳಿ ಹಾಳೆಗೆ ಸಿಕ್ಕಾ ಬಿತ್ತು. ಮುಂಬೈಯಲ್ಲಿ ಹಳದಿ ಹಾಳೆಗೆ ಸಿಕ್ಕಾ ಬಿತ್ತು. ಏಜೆಂಟ್ ಫೋನು ಮಾಡಿ, "ನಾಕೂ ದಿಕ್ಕ ಬರೋಬ್ಬರಿ ಅದಾವ್ರಿ, ಉತ್ತರದ ಕುಳ್ಯಾಗ ಸ್ವಲ್ಪ ಮಣ್ಣ ಐತಿ ಅಷ್ಟ," ಅಂದ.

ಹಸ್ತ ಮಳೆ ಬಿದ್ದು ನೆಲ ಹದ ಬಂದಿತ್ತು. ನೀಲವ್ವನ ಹೊಲದಲ್ಲಿ ಕೂರಿಗೆ ಕಟ್ಟಿ ನಿಲ್ಲಿಸಿದ್ದರು, ಬಟ್ಟಲಿನ ಜಾಗ ಖಾಲಿ. ಊರಿನ ನಾಲ್ಕು ಜನ ಬದುವಿನ ಮೇಲೆ ಕಾಯುತ್ತಿದ್ದರು. ಜೀಪು ಬಂತು. ಗಂಗವ್ವ ಮತ್ತು ನಾನು ಬೆಳಿಗ್ಗೆಯೇ ಬಸ್ಸಿಗೆ ಬಂದಿದ್ದೆವು. ಬಟ್ಟಲು ಕೈಗೆ ಬಂದ ಕೂಡಲೇ ನೀಲವ್ವ ನೋಡಲಿಲ್ಲ, ಮೂಸಿದಳು.

"ಪರದೇಶದ ಮಣ್ಣ ವಾಸನಿ," ಅಂದು ಕೊಡದ ನೀರಿನಲ್ಲಿ ತೊಳೆದಳು. ನೀರು ತಿಳಿಯಾಗಿಯೇ ಇಳಿಯಿತು. ನಾನು ಉಸಿರು ಬಿಟ್ಟೆ. ಬಟ್ಟಲು ಕೂರಿಗೆಯ ಮೇಲೆ ಕೂತಿತು. ಎಡಗೈ ಹೆಬ್ಬೆರಳು ದಕ್ಷಿಣದಲ್ಲಿ ಇಳಿಯಿತು. ಎತ್ತು ಹೂಡುವಾಗ ಆಕೆ ನನ್ನ ಕಡೆ ತಿರುಗದೆಯೇ ಮಾತಾಡಿದಳು.

"ಗಂಗವ್ವ ಎಲ್ಲಾ ಹೇಳ್ಯಾಳೋ ಮಲಕಪ್ಪ. ನಿನಗ ಮೊದಲ ಗೊತ್ತಿತ್ತು, ಇಂವ ಕಳ್ಳ ಅಂತ. ಗೊತ್ತಿದ್ದೂ ನನ್ನ ಬಟ್ಲ ಗಾಳಕ್ಕ ಚುಚ್ಚಿದಿ. ಕಾಗದದಾಗ ಮಷ್ಕಿರಿ ಮಾಡಂಗಿಲ್ಲ ಅಂತ ತಿಳಿದಿದ್ನಿ. ಇನ್ನ ನಿನ್ನ ಕೈಲೆ ನಾ ಕಾಗದ ಬರಸಂಗಿಲ್ಲ."

ಗಂಗವ್ವ ಬೇರೆ ಕಡೆ ನೋಡಿದಳು. ಮೂವತ್ತು ವರ್ಷದ ಗಿರಾಕಿ ನೀಲವ್ವ. ಆ ಮಾತು ಆಕೆ ಇವತ್ತಿಗೂ ಮುರಿದಿಲ್ಲ. ಹೋದ ವರ್ಷ ಹೊಲದ ಪಾಲುಪತ್ರವನ್ನು ಸಿಂದಗಿಯ ಯಾವನೋ ಕಂಪ್ಯೂಟರಿನವನ ಹತ್ತಿರ ಬರೆಸಿದ್ದಾಳೆ. ನೋಡಿದೆ. ಪಶ್ಚಿಮದ ಚಕ್ಕುಬಂದಿಯೇ ತಪ್ಪು. ಹೇಳಲು ಹೋದರೆ ಬಾಗಿಲು ತೆಗೆಯಲಿಲ್ಲ.

ಅಷ್ಟರಲ್ಲಿ ರಾಚಪ್ಪ ಚಪ್ಪಲಿ ಬಿಟ್ಟು ಹಸಿ ನೆಲಕ್ಕೆ ಇಳಿದ. ಕರಿ ಮಣ್ಣು ಹಿಮ್ಮಡಿಗೆ ಮೆತ್ತಿತು. ಎತ್ತಿನ ದಾರಿಗೆ ಅಡ್ಡ ನಿಂತು, ಎರಡೂ ಕೈ ಜೋಡಿಸಿ, "ತಪ್ಪಾತಬೇ ನೀಲವ್ವ, ನಂದ ತಪ್ಪಾತು," ಅಂದ. ನೀಲವ್ವ ಮುಷ್ಟಿಯಲ್ಲಿ ಕಾಳು ಹಿಡಿದವಳು ಅವನ ಮುಖವನ್ನೂ ನೋಡಲಿಲ್ಲ.

"ಬಾಜೂಕ ಸರಿ," ಅಂದಳು. "ಎತ್ತ ಬರ್ತಾವ."

ಅವನು ಸರಿದ. ಕೂರಿಗೆ ಹೊರಟಿತು. ಮೊದಲ ಸಾಲು ಬಿತ್ತು.

ಈಗ ನಿಮ್ಮ ಪಂಥ ಚುಕ್ತಾ ಮಾಡುತ್ತೇನೆ. ಚಹಾದ ಬಾಗಿಲು ಖರೆ, ಹಸಿರು ಪುಸ್ತಕ ಖರೆ, ಕಳ್ಳಿಗಿಡ ಖರೆ, ಮುದ್ದೇಬಿಹಾಳದ ಕಾಗೆಯೂ ಖರೆ. ಒಂದು ಕಡೆ ಮಾತ್ರ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟಿದ್ದೇನೆ. ರಾಚಪ್ಪ ಅವತ್ತು ಜೀಪಿನಿಂದ ಇಳಿಯಲೇ ಇಲ್ಲ. ಬಟ್ಟಲನ್ನು ಕಿಟಕಿಯಿಂದ ಕೊಟ್ಟು, ಗಾಜು ಏರಿಸಿಕೊಂಡು ಹೋದ. ತಪ್ಪಾಯಿತೆಂಬ ಮಾತು ಅವನ ಬಾಯಿಂದ ಇನ್ನೂ ಬಂದಿಲ್ಲ, ಅದು ಬರುವವರೆಗೆ ಅವನನ್ನು ನಾನು ಬಿಡುವುದೂ ಇಲ್ಲ. ಚಪ್ಪಲಿ ಬಿಟ್ಟು ಹೊಲಕ್ಕೆ ಇಳಿದವನು ನಾನು. ಬಾಜೂಕ ಸರಿ ಅಂದದ್ದು ನನಗೆ.